ಕಾಶಿಯಲ್ಲಿ ಕಂಡ ಕಪ್ಪು ಕುಣಿಕೆ

ಬನಾರಸ್ ನಿಲ್ದಾಣದಲ್ಲಿ ಇಳಿದಾಗ ಬಿಸಿಲೇರಬೇಕಾದ ಹೊತ್ತು. ಆದರೆ ಮಂಜಿನಲ್ಲಿ ನನ್ನ ಕೈಯ ಚೀಲವೇ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಬಂದ ರೈಲು ಅರ್ಧ ದಿನ ತಡವಾಗಿತ್ತು. ಇ-ರಿಕ್ಷಾದವನು ಘಾಟಿನ ಹತ್ತಿರದ ಗೋದೌಲಿಯಾಕ್ಕೆ ಇನ್ನೂರು ರೂಪಾಯಿ ಕೇಳಿದ. ಅಂಗಡಿ ನಡೆಸುವ ನನ್ನ ಹತ್ತಿರವೇ ಇವನ ಆಟ! ನೂರಕ್ಕೆ ಬಂದ.

ನಾನು ಹೋದದ್ದು ವಿಶ್ವನಾಥನ ದರ್ಶನಕ್ಕಲ್ಲ, ಅವನು ಕ್ಷಮಿಸಲಿ. ನನ್ನ ಅಕ್ಕ ಸುಶೀಲಕ್ಕನನ್ನು ಹುಡುಕಲು. ನಾವಿಬ್ಬರೂ ಸೇರಿ ಉಲ್ಲನ್ ಅಂಗಡಿ ನಡೆಸುತ್ತಿದ್ದೆವು. ಭಾವ ತೀರಿಕೊಂಡ ಮೇಲೆ ಅವಳು ಕಾಶಿವಾಸಕ್ಕೆಂದು ಹೊರಟಳು. ವಿಳಾಸ ಕೊಡಲಿಲ್ಲ, ಹಟಮಾರಿ. ದೀಪಾವಳಿಗೊಮ್ಮೆ ಯಾರದೋ ಫೋನಿನಿಂದ ಮಾತಾಡುತ್ತಿದ್ದಳು. ಎರಡು ದೀಪಾವಳಿ ಫೋನ್ ಬರಲಿಲ್ಲ. ನಾನು ಅತ್ತು ಮುಗಿಸಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯವರು ಕಾಶಿಯಿಂದ ಮೊಮ್ಮಗನಿಗೆ ಹೆಣಿಗೆಯ ಟೋಪಿ ತಂದರು. ಅದರ ಹಿಂಬದಿಯಲ್ಲಿ ಒಂದೇ ಒಂದು ಕಪ್ಪು ಕುಣಿಕೆ ಇತ್ತು. ಮಗುವಿನ ಕೆನ್ನೆಗೆ ಕಾಡಿಗೆ ಇಡುವ ಹಾಗೆ ಅಕ್ಕ ತನ್ನ ಹೆಣಿಗೆಗೆಲ್ಲ ಇಡುತ್ತಿದ್ದ ದೃಷ್ಟಿಬೊಟ್ಟು ಅದು.

"ದಶಾಶ್ವಮೇಧ ಘಾಟಿನ್ಯಾಗ ಯಾವಾಕಿನೋ ಮುದುಕಿ ಮಾರಾಕ ಕುಂತಿದ್ಲು, ಹೋದ ತಿಂಗಳ," ಎಂದರು ಅವರು. ಅವತ್ತೇ ಟಿಕೆಟ್ ತೆಗೆಸಿದೆ.

ಘಾಟಿನಲ್ಲಿ ಗಂಗೆ ಕಾಣಲಿಲ್ಲ. ನೀರು ಮೆಟ್ಟಿಲಿಗೆ ಬಡಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು. ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು ನಿಂತಿದ್ದೆ. ಸ್ವೆಟರ್ ತೊಟ್ಟ ಯಾರೋ ತಲೆ ತಗ್ಗಿಸಿಕೊಂಡು ಮಂಜಿನೊಳಗಿಂದ ನೆಟ್ಟಗೆ ನನ್ನತ್ತ ಬಂದರು. ಅಕ್ಕನೇ ಎಂದುಕೊಂಡು ಎರಡು ಹೆಜ್ಜೆ ಮುಂದಿಟ್ಟೆ. ನೋಡಿದರೆ ಆಡು! ಚಳಿಗಾಲದಲ್ಲಿ ಇಲ್ಲಿ ಆಡುಗಳಿಗೂ ಹಳೇ ಸ್ವೆಟರ್ ತೊಡಿಸುತ್ತಾರೆ. ಮಣ್ಣು ಮೆತ್ತಿ ಅದರ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಅಂಗಡಿಯ ಚಾಳಿ ಬಿಡದೆ ಎಳೆ ಹಿಡಿದು ನೋಡಿದೆ. ಅಪ್ಪಟ ಉಣ್ಣೆ. ಕೊರಳ ಹಿಂದೆ ಒಂದು ಕಪ್ಪು ಕುಣಿಕೆ.

"ಅಯ್ಯ ನಮ್ಮಕ್ಕ, ಆಡಿಗೂ ದೃಷ್ಟಿ ತಾಗತದೇನ?" ಎಂದು ನಕ್ಕೆ. ಆ ನಗು ನನಗೇ ಬೇರೆ ಯಾರದೋ ಅನ್ನಿಸಿತು. ಆಡು ಕದಲದೆ ನನ್ನನ್ನೇ ನೋಡುತ್ತಿತ್ತು.

ಅಕ್ಕ ಇದ್ದಲ್ಲಿ ಉಣ್ಣೆ ಇರಲೇಬೇಕು. ಗಲ್ಲಿಗಳಲ್ಲಿ ಅಲೆದು, ಹಸಿವಾದಾಗ ಕಚೋರಿ ತಿಂದು, ಕೊನೆಗೆ ಒಂದು ಉಲ್ಲನ್ ಅಂಗಡಿ ಹಿಡಿದೆ. ಬದನೆಕಾಯಿ ಬಣ್ಣದ ಉಂಡೆಯೊಂದನ್ನು ತೆಗೆದು ಕಿವಿಯ ಕೆಳಗೆ ಉಜ್ಜಿಕೊಂಡೆ. ಚುಚ್ಚುತ್ತದೋ ಇಲ್ಲವೋ ಹೇಳಬೇಕಾದದ್ದು ಕೊರಳು, ಬೆರಳಿಗೇನು ಗೊತ್ತು? ಆಮೇಲೆ ಬಾಗಿಲ ಬೆಳಕಿಗೊಯ್ದು ಎಳೆ ಬಿಚ್ಚಿ ನೋಡಿದೆ. ಅಂಗಡಿಯವನು ಕಣ್ಣರಳಿಸಿದ.

"ಸುಶೀಲಾ ಮಾತಾಜಿ ಭೀ ಐಸೇ ಹೀ ದೇಖ್ತೀ ಹೈಂ."

ಅವರೂ ಹೀಗೇ ನೋಡುತ್ತಾರಂತೆ! ಯಾವಾಗ ಬಂದಿದ್ದರು ಎಂದು ಕೇಳಿದೆ. ಮೊನ್ನೆ ಮಂಗಳವಾರ ಎಂದ. ಲಾಟ್, ಅಂದರೆ ಒಟ್ಟಿಗೆ ಬಣ್ಣಕ್ಕೆ ಅದ್ದಿದ ಕಂತು, ಬದಲಾದರೆ ಬಣ್ಣ ಕೂದಲೆಳೆಯಷ್ಟು ಬೇರೆಯಾಗುತ್ತದೆ, ಅಕ್ಕ ಅದನ್ನು ಸಹಿಸಳು. ಇವನು ಅವಳಿಗೆಂದೇ ಒಂದೇ ಲಾಟಿನ ಉಂಡೆಗಳನ್ನು ಮೂಲೆಯಲ್ಲಿ ಎತ್ತಿಟ್ಟಿದ್ದ. ಬದುಕಿದ್ದಾಳೆ! ಕಣ್ಣೀರು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಉಂಡೆಗೆ ಹಣ ಕೊಟ್ಟು, ಅವನು ಹೇಳಿದ ದಾರಿಯಲ್ಲಿ ನಮ್ಮ ಕಡೆಯ ಮಠದ ಹಿಂದಿನ ವಸತಿಗೆ ಬಹುತೇಕ ಓಡಿದೆ.

ಕೋಣೆಯಲ್ಲಿ ಬಿಳಿ ಸೀರೆಯ ನಾಲ್ವರು ಬಾಗಿಲಿಗೆ ಬೆನ್ನು ಮಾಡಿ ಹೆಣೆಯುತ್ತಿದ್ದರು. ನಾಲ್ವರದ್ದೂ ಅಕ್ಕನದೇ ಬೆನ್ನು, ಅಕ್ಕನದೇ ಮೊಣಕೈ. "ಅಕ್ಕಾ" ಎಂದೆ. ನಾಲ್ವರೂ ತಿರುಗಿದರು. ಯಾರೂ ಅಕ್ಕ ಅಲ್ಲ.

ಅವರಲ್ಲಿ ಹಿರಿಯಳು ಗದಗಿನ ಕಡೆಯ ನೀಲವ್ವ. ಹತ್ತಿರ ಕರೆದು ಕೂರಿಸಿಕೊಂಡಳು. "ನೀ ಸುಶೀಲಾನ ತಂಗಿ ಹೌದಲ್ಲ? ಮಾರಿ ಮ್ಯಾಲೇ ಬರದೈತಿ. ಆಕಿ ಹೋಗಿ ಇದು ಎರಡನೇ ಚಳಿಗಾಲ ಯವ್ವಾ. ತಿಳಿಸಬ್ಯಾಡ್ರಿ, ತಂಗಿ ಅಂಗಡಿ ಬಿಟ್ಟು ಓಡಿ ಬರತಾಳ ಅಂದಿದ್ಲು."

"ಮತ್ತ ಮಂಗಳವಾರ ಉಲ್ಲನ್ ಒಯ್ದಾಕಿ ಯಾರ್ರಿ?"

"ನಾವ. ಪಾಳಿ ಮ್ಯಾಲೆ ಹೋಗತೇವಿ. ಆಕಿ ಹೆಸರ ಹೇಳಿದ್ರ ಚಲೋ ಮಾಲು ತೆಗೆದಿಡತಾನ. ಬಿಳಿ ಸೀರಿ ಮುದುಕ್ಯಾರ ಮಾರಿ ಯಾರ ನೋಡತಾರ ಬಿಡು! ಹೆಣಿಯೂದು, ಬೊಟ್ಟ ಇಡೂದು, ಉಲ್ಲನ್ ನೋಡೂದು, ಎಲ್ಲಾ ಆಕಿನ ಕಲಿಸಿದ್ದು."

ಮತ್ತೆ ಹೆಣಿಗೆ ಕಡ್ಡಿಗಳು ಟಿಕಟಿಕ ಎಂದವು. ಎಡಗೈಯ ಕಿರುಬೆರಳು ನಾಲ್ವರದ್ದೂ ಒಟ್ಟಿಗೇ ಮೇಲೆದ್ದಿತು, ಅಕ್ಕನದು ಏಳುತ್ತಿದ್ದ ಹಾಗೆ. ಅವಳದೇನಾದರೂ ಉಳಿದಿದೆಯೇ ಎಂದು ಕೇಳಿದೆ.

"ಮೈಮ್ಯಾಲೆ ಬದನಿಕಾಯಿ ಬಣ್ಣದ ಸ್ವೆಟರ್ ಇತ್ತು. ಸುಡಾಕ ಮಣಿಕರ್ಣಿಕಾ ಘಾಟಿಗೆ ಒಯ್ಯೋ ಮುಂದ ತಗದ್ವಿ. ಉಣ್ಣೆ ಸುಡಬಾರದು, ಯಾರಿಗರ ಬೆಚ್ಚಗಾಗಲಿ ಅಂತಿದ್ಲು. ಆಡಿನವ ಬೇಡಿದ, ಕೊಟ್ವಿ."

ಆ ಉಣ್ಣೆ ನಾನೇ ಆರಿಸಿ ಕಟ್ಟಿಕೊಟ್ಟದ್ದು, ಅವಳು ಹೊರಟ ದಿನ.

ಮರುದಿನ ರೈಲಿಗೆ ಮುಂಚೆ ಘಾಟಿಗೆ ಹೋದೆ. ಕರೆಯದೆಯೇ ಆಡು ಬಂತು. ಗಂಗೆಯ ನೀರಲ್ಲಿ ಬೆರಳದ್ದಿ ಸ್ವೆಟರಿನ ಅಂಚು ಉಜ್ಜಿದೆ. ಬದನೆಕಾಯಿ ಬಣ್ಣ ಕಾಣಿಸಿತು. ಬಿಚ್ಚಿಕೊಂಡು ಹೋಗಿಬಿಡಲೆಂದು ಗುಂಡಿಗೆ ಕೈ ಹಾಕಿದೆ. ಆಡು ಗಡಗಡ ನಡುಗಿತು. ಕೈ ಹಿಂದೆ ತೆಗೆದೆ.

ತೋಳಿನ ಹತ್ತಿರ ಹೆಣಿಗೆ ಬಿಚ್ಚಿ ತೂತಾಗಿತ್ತು. ನನ್ನ ಉಂಡೆಯ ತುದಿಯನ್ನೂ ಸ್ವೆಟರಿನ ತುದಿಯನ್ನೂ ಎಳೆ ಬಿಡಿಸಿ, ಒಂದರ ಮೇಲೊಂದಿಟ್ಟು, ಎಂಜಲು ಹಚ್ಚಿ ಅಂಗೈಯಲ್ಲಿ ಬಿಸಿಯಾಗುವವರೆಗೆ ಉಜ್ಜಿದೆ. ಅಪ್ಪಟ ಉಣ್ಣೆ ಗಂಟಿಲ್ಲದೆ ಕೂಡಿಕೊಳ್ಳುತ್ತದೆ. ಚಿಕ್ಕವಳಿದ್ದಾಗ ಅಕ್ಕ ಕಲಿಸಿದ್ದು. ಲಾಟ್ ಮಾತ್ರ ಬೇರೆ, ಬಣ್ಣ ಕೂಡಲಿಲ್ಲ. ಅಕ್ಕ ಬೈಯಲಿ ಬಿಡು ಎಂದುಕೊಂಡು ಮೆಟ್ಟಿಲ ಮೇಲೆ ಕೂತು, ಚೀಲದಲ್ಲಿದ್ದ ಕಡ್ಡಿ ಹಿಡಿದೆ. ಮುಗಿಯುವವರೆಗೂ ಆಡು ಅಲುಗಾಡಲಿಲ್ಲ.

ಕೊನೆಯ ಕುಣಿಕೆಯಲ್ಲಿ ನನ್ನ ಕೈ ನೋಡಿಕೊಂಡೆ. ಎಡಗೈಯ ಕಿರುಬೆರಳು ಮೇಲೆದ್ದು ನಿಂತಿತ್ತು. ಆ ಚಾಳಿ ನನಗೆ ಎಂದೂ ಇರಲಿಲ್ಲ.

"ಬರತೇನಕ್ಕ," ಎಂದೆ. ಆಡು ಮೆಟ್ಟಿಲೇರಿ, ಮಂಜಿನ ಅಂಚಿನಲ್ಲಿ ನಿಂತು, ಒಮ್ಮೆ ತಿರುಗಿ ನೋಡಿತು.