ಸಮುದ್ರದ ದಂಡೆಯಲ್ಲಿ ರೈಲು ಕಾದವನು

ಟಿಕೋಟಾದ ಧರ್ಮರಾಜನಿಗೆ ಇಪ್ಪತ್ತಾರು ತುಂಬಿತ್ತು, ಬಿ.ಎ. ಮುಗಿದಿತ್ತು, ಮೂಗಿನ ಮೇಲೆ ಕನ್ನಡಕ ಬಂದಿತ್ತು. ಇದಿಷ್ಟು ಬಿಟ್ಟು ಜೀವನದಲ್ಲಿ ತನಗೆ ಇನ್ನೇನೂ ಬಂದಿಲ್ಲ ಎಂದು ಬೇರೆಯವರು ಹೇಳುವ ಮೊದಲೇ ಅವನೇ ಹೇಳಿಬಿಡುತ್ತಿದ್ದ. ಊರ ಹೊರಗಿನ ಶಿವಯೋಗೆಪ್ಪ ಸಾಹುಕಾರರ ಒಣದ್ರಾಕ್ಷಿ ಶೆಡ್ಡಿನಲ್ಲಿ ಅವನ ಕೆಲಸ. ಹೇಳಿಕೊಳ್ಳಲು ಸೂಪರ್‌ವೈಸರ್. ನಲವತ್ತು ಮಂದಿ ಹೆಣ್ಣಾಳುಗಳು ಉದ್ದನೆಯ ಟೇಬಲ್ಲಿನ ಎರಡೂ ಮಗ್ಗುಲಿಗೆ ಕೂತು ಕಡ್ಡಿ ಆರಿಸುತ್ತಿದ್ದರೆ, ಇವನು ಟ್ರೇ ಟ್ರೇ ನೋಡಿ ಹಸಿರು ಬೇರೆ, ಕಂದು ಬೇರೆ, ಸಣ್ಣದು ಬೇರೆ ಎಂದು ಚೀಟಿ ಅಂಟಿಸಬೇಕು. ದ್ರಾಕ್ಷಿಯ ಮುಖ ನೋಡಿ ಅದರ ಜಾತಕ ಹೇಳುವವನು ಜಿಲ್ಲೆಯಲ್ಲಿ ತಾನೊಬ್ಬನೇ, ತನ್ನ ಜಾತಕ ಮಾತ್ರ ಯಾವ ದ್ರಾಕ್ಷಿಗೂ ತಿಳಿಯದು ಎನ್ನುವುದು ಅವನ ಹಳೆಯ ಜೋಕು. ಹೆಣ್ಣಾಳುಗಳು ಮೊದಮೊದಲು ನಗುತ್ತಿದ್ದರು. ಐದು ವರ್ಷದ ಮೇಲೆ ಅವನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿ ಮುಗಿಸುತ್ತಿದ್ದರು.

ಜೋಕಿನಂಥದ್ದಲ್ಲದ ಒಂದು ಸಂಗತಿಯೂ ಇತ್ತು. ದ್ರಾಕ್ಷಿಯ ಬಣ್ಣ ಕೆಡಬಾರದೆಂದು ಶೆಡ್ಡಿನಲ್ಲಿ ಗಂಧಕದ ಹೊಗೆ ಕೊಡುತ್ತಾರೆ. ಆ ಹೊಗೆ ದ್ರಾಕ್ಷಿಗೆ ಒಗ್ಗಿತು, ಧರ್ಮರಾಜನ ಎದೆಗೆ ಒಗ್ಗಲಿಲ್ಲ. ವಿಜಯಪುರದ ಜಲನಗರದ ದವಾಖಾನೆಯಲ್ಲಿ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ, ಒಂದೋ ಆ ಶೆಡ್ಡು ಬಿಡು, ಇಲ್ಲಾ ಈ ಎದಿ ಬಿಡು ಎಂದರು. ಶೆಡ್ಡು ಬಿಟ್ಟರೆ ಮತ್ತೆಲ್ಲಿಗೆ ಹೋಗುವುದು ಎಂದು ಅವನು ಕೇಳಲಿಲ್ಲ. ಅದು ಡಾಕ್ಟರರ ವಿಷಯವಲ್ಲ ಎಂದು ಅವನಿಗೆ ಗೊತ್ತಿತ್ತು.

ಅದೇ ವರ್ಷ ಸಾಹುಕಾರರಿಗೆ ಹೊರದೇಶದ ಗಿರಾಕಿಗಳು ಕುದುರಿದರು. ಅವರು ಮಾಲಿನ ಫೋಟೋ ತರಿಸಿಕೊಂಡು, ಫೋಟೋದಲ್ಲಿರುವುದು ಏನು, ಬಣ್ಣ ಹೇಗೆ, ತೇವ ಎಷ್ಟು ಎಂದು ಫೋನಿನಲ್ಲಿ ಇಂಗ್ಲಿಷಿನಲ್ಲಿ ಕೇಳುವ ಮಂದಿ. ಸಾಹುಕಾರರು ಎಸ್, ಎಸ್ ಎಂದು ನಾಲ್ಕು ದಿನ ತಳ್ಳಿದರು. ಐದನೆಯ ದಿನ ಆಫೀಸಿನ ಗಾಜಿನ ಕೋಣೆಯಲ್ಲಿ ಹೊಸದೊಂದು ಕುರ್ಚಿ ಹಾಕಿಸಿ, ಶೆಡ್ಡಿನ ಮಂದಿಯಲ್ಲೇ ಇಂಗ್ಲಿಷ್ ಬಲ್ಲವರೊಬ್ಬರನ್ನು ಅದರಲ್ಲಿ ಕೂಡಿಸುವುದಾಗಿ ಹೇಳಿದರು. ಆ ಕೋಣೆಗೆ ಹೊಗೆ ಹೋಗುತ್ತಿರಲಿಲ್ಲ. ಧರ್ಮರಾಜನ ಕಣ್ಣಿಗೆ ಬಿದ್ದದ್ದು ಕುರ್ಚಿಯಲ್ಲ, ಆ ಗಾಳಿ.

ಕುರ್ಚಿಗೆ ಮೂವರು ಎದ್ದರು: ಧರ್ಮರಾಜ, ತೂಕದ ಚೀಟಿ ಬರೆಯುವ ನಸ್ರೀನ, ಗೋಡೌನು ನೋಡಿಕೊಳ್ಳುವ ಅಜಿತ. ಯಾರ ಇಂಗ್ಲಿಷ್ ಮೇಲು ಎಂದು ತೂಗಲು ಸಾಹುಕಾರರ ಬಳಿ ತಕ್ಕಡಿ ಇರಲಿಲ್ಲ. ಆದ್ದರಿಂದ ಜಲನಗರದಲ್ಲಿ ಇಂಗ್ಲಿಷ್ ಮಾತಿನ ಕ್ಲಾಸು ನಡೆಸುವ ದಾನೇಶ್ವರಿ ಮೇಡಮ್ಮರ ಹತ್ತಿರ ಮೂವರನ್ನೂ ಮೂರು ತಿಂಗಳು ಪ್ರತಿ ರವಿವಾರ ಕಳಿಸಿ, ಕೊನೆಗೆ ಪರೀಕ್ಷೆ ಮಾಡಿ ಒಂದು ಹೆಸರು ಹೇಳಿಬಿಡ್ರಿ ಎಂದರು.

ಮೇಡಮ್ಮರ ಹತ್ತಿರ ಒಂದು ಆಲ್ಬಮ್ ಇತ್ತು. ಅದರಲ್ಲಿ ನಂಬರು ಹಾಕಿದ ಹತ್ತು ಫೋಟೋ. ಒಂದರಲ್ಲಿ ಮದುವೆಯ ಊಟದ ಪಂಕ್ತಿ, ಎರಡರಲ್ಲಿ ಕ್ರಿಕೆಟ್ಟು, ಹೀಗೆ. ಪರೀಕ್ಷೆಯ ದಿನ ಹತ್ತರಲ್ಲಿ ಒಂದನ್ನು ತೆಗೆದು ಮೂವರಿಗೂ ಅದನ್ನೇ ತೋರಿಸುತ್ತಾರೆ. ಅರ್ಧ ನಿಮಿಷ ನೋಡಬೇಕು, ಒಂದು ನಿಮಿಷ ಬಿಡದೆ ಮಾತಾಡಬೇಕು. ಮೊದಲು ಎದುರಿಗೆ ಇದ್ದದ್ದು, ಆಮೇಲೆ ಹಿಂದೆ ಇದ್ದದ್ದು, ಕೊನೆಗೆ ನಮಗೆ ಏನನ್ನಿಸುತ್ತದೆ ಎಂಬುದು. ನಮಗೆ ಏನನ್ನಿಸುತ್ತದೆ ಎಂದು ಹುಟ್ಟಿದಾರಭ್ಯ ಯಾರೂ ಕೇಳಿರದ ಕಾರಣ ಧರ್ಮರಾಜನಿಗೆ ಆ ಭಾಗವೇ ಕಠಿಣವಾಯಿತು.

ಅಜಿತ ಅದೇ ಓಣಿಯವ, ಧರ್ಮರಾಜನ ಸಾಲಿ ಗೆಳೆಯ. ಸಣ್ಣಂದಿನಿಂದ ಇವರ ಮನೆಯಲ್ಲೇ ಅರ್ಧ ಬೆಳೆದವ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಕರೆಯದೆ ಬಂದು ಕೂಡುತ್ತಿದ್ದ. ಧರ್ಮರಾಜನ ತಾಯಿ ರಾಚವ್ವನೂ ಎರಡು ತಾಟನ್ನು ಒಟ್ಟಿಗೇ ಇಡುತ್ತಿದ್ದಳು. ಅಜಿತನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಕಲಿಸಿದವನು ಧರ್ಮರಾಜ. ರವಿವಾರ ಇಬ್ಬರೂ ಒಂದೇ ಬೈಕಿನ ಮೇಲೆ ಅಥಣಿ ರಸ್ತೆ ಹಿಡಿದು ವಿಜಯಪುರಕ್ಕೆ ಹೊರಟರೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಇಂಗ್ಲಿಷಿನಲ್ಲಿ ವರ್ಣಿಸುವುದು ನಿಯಮ. ಎಮ್ಮೆ ರಸ್ತೆ ದಾಟಿದರೆ ಎಮ್ಮೆ, ಹೊಸ ಲೇಔಟಿನ ಬೋರ್ಡು ಬಂದರೆ ಬೋರ್ಡು. ಹಿಂದೆ ಕೂತ ಅಜಿತ ತಪ್ಪಿದರೆ ಮುಂದಿನವನು ಬ್ರೇಕು ಒತ್ತಿ ತಿದ್ದುತ್ತಿದ್ದ. ಅರಕೇರಿಯ ಕಡೆಯ ದ್ರಾಕ್ಷಿ ಬಂಡಿಯೊಂದರ ಎದುರು ಹಾಗೆ ಬ್ರೇಕು ಒತ್ತಿ ಇಬ್ಬರೂ ಬಿದ್ದದ್ದೂ ಉಂಟು. ಬಿದ್ದಲ್ಲೇ ಅಜಿತ ಬಂಡಿಯನ್ನು ಪೂರ್ತಿ ವರ್ಣಿಸಿ ಮುಗಿಸಿದ. ಮೊಣಕಾಲು ಕೆತ್ತಿಹೋದ ಮೇಷ್ಟ್ರಿಗೆ ಅದೇ ಗುರುದಕ್ಷಿಣೆ.

ಇಲ್ಲಿ ಧರ್ಮರಾಜನ ಅಪ್ಪ ಮಲಕಾಜಪ್ಪನ ವಿಷಯ ಹೇಳಬೇಕು. ಅವನು ದನದ ಸಂತೆಯ ದಲ್ಲಾಳಿ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈ ಕೂಡಿಸಿ, ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಒತ್ತುತ್ತಾರೆ. ಎಷ್ಟು ಬೆರಳೋ ಅಷ್ಟು. ಅಂಗೈ ಪೂರ್ತಿ ಹಿಡಿದರೆ ಐದು, ಅದರ ಮೇಲೆ ಮತ್ತೆ ಎರಡು ಬೆರಳು ಹಿಡಿದರೆ ಏಳು. ಸುತ್ತ ನೂರು ಮಂದಿ ನಿಂತರೂ ಮಾತು ಆ ಇಬ್ಬರ ಚರ್ಮದ ನಡುವೆಯೇ ಉಳಿಯುತ್ತದೆ. ಮಲಕಾಜಪ್ಪ ಈ ಲೆಕ್ಕವನ್ನು ಇಬ್ಬರು ಹುಡುಗರಿಗೂ ಕಲಿಸಿದ್ದ. ಕಲಿಸುವಾಗ, ಬಾಯಿಲೆ ಬೇಕಾದಷ್ಟು ಸುಳ್ಳಾಡ್ರಿ, ಆದರೆ ಟವೆಲ್ ಕೆಳಗ ಸುಳ್ಳಿಲ್ಲ, ಅಲ್ಲಿ ಸುಳ್ಳಾಡಿದವನಿಗೆ ಮುಂದಿನ ಸಂತ್ಯಾಗ ಯಾರೂ ಕೈ ಕೊಡೂದಿಲ್ಲ ಎಂದು ಗಂಭೀರವಾಗಿ ಹೇಳಿದ್ದ. ಧರ್ಮರಾಜ ಸಾಲಿಯಲ್ಲಿ ಕೇಳಿದ ಯಾವ ನೀತಿಪಾಠವೂ ಅವನಲ್ಲಿ ಇಷ್ಟು ಆಳಕ್ಕೆ ಇಳಿಯಲಿಲ್ಲ.

ಪರೀಕ್ಷೆಗೆ ಹೊರಗಿನಿಂದ ನಿವೃತ್ತ ಲೆಕ್ಚರರ್ ಬಸಲಿಂಗಯ್ಯ ಸರ್ ಬರುವರೆಂದೂ, ಇಂಗ್ಲಿಷ್ ಅಕ್ಷರದ ಸಾಲಿನಂತೆ ಮೊದಲು ಅಜಿತ, ಆಮೇಲೆ ಧರ್ಮರಾಜ, ಕೊನೆಗೆ ನಸ್ರೀನ ಹೋಗಬೇಕೆಂದೂ ಗೊತ್ತಾದ ದಿನ ಗೆಳೆಯರಿಬ್ಬರೂ ಒಂದು ಹಂಚಿಕೆ ಹಾಕಿದರು. ಹೊರಗೆ ಬಂದ ಅಜಿತ ಕೈ ಕೊಡಬೇಕು, ಕರ್ಚೀಫಿನ ಕೆಳಗೆ ಫೋಟೋದ ನಂಬರು ಒತ್ತಬೇಕು. ಇದು ಮೋಸವಲ್ಲವೇ ಎಂಬ ಪ್ರಶ್ನೆ ಧರ್ಮರಾಜನ ಮನಸ್ಸಿಗೆ ಬಂದಿತ್ತು. ಬಂದದ್ದನ್ನು ಕೂಡು ಎನ್ನದೆ ಹಾಗೆಯೇ ಕಳಿಸಿಕೊಟ್ಟ. ಇದರಿಂದ ಅಜಿತನಿಗೇನು ಲಾಭ ಎಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಕನ್ನಡಕ ಹಾಕಿಕೊಂಡವನಿಗೆ ಅದು ಹೊಳೆಯಬೇಕಿತ್ತು.

ಪರೀಕ್ಷೆಯ ದಿನ ಅಜಿತ ಒಳಗೆ ಹೋಗಿ ಬೆವರು ಒರೆಸಿಕೊಳ್ಳುತ್ತ ಬಂದ. ಚಪ್ಪಲಿ ಮೆಟ್ಟುವ ನೆವದಲ್ಲಿ ಧರ್ಮರಾಜನ ಕೈ ಹಿಡಿದ, ಕರ್ಚೀಫು ಮೇಲೆ ಬಿತ್ತು. ನಾಲ್ಕು ಬೆರಳು, ಬಿಗಿಯಾಗಿ. ಸಂಶಯ ಉಳಿಯಬಾರದೆಂದು ಇನ್ನೊಮ್ಮೆ ನಾಲ್ಕು.

ನಾಲ್ಕನೆಯದು ರೈಲ್ವೆ ಸ್ಟೇಶನ್ನು. ಕರೆ ಬರುವವರೆಗಿನ ಐದು ನಿಮಿಷದಲ್ಲಿ ಧರ್ಮರಾಜ ಉಳಿದ ಒಂಬತ್ತನ್ನೂ ತಲೆಯಿಂದ ಹೊರಗೆ ಹಾಕಿ, ಕೂಲಿಗಳು, ಪೆಟ್ಟಿಗೆಗಳು, ಗಡಿಯಾರ, ಎಲ್ಲವನ್ನೂ ಸಾಲಾಗಿ ನಿಲ್ಲಿಸಿಕೊಂಡು ಒಳಗೆ ಹೋದ. ಬಸಲಿಂಗಯ್ಯ ಸರ್ ಫೋಟೋ ಮುಂದಿಟ್ಟರು. ಅದರಲ್ಲಿ ಸಮುದ್ರ ಇತ್ತು. ಉಸುಕು, ಬೋರಲಾಗಿ ಬಿದ್ದ ಒಂದು ದೋಣಿ, ಒಂದು ನಾಯಿ. ಅದು ಏಳನೆಯ ಫೋಟೋ.

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ತಮ್ಮ ಕಣ್ಣನ್ನು ನಂಬುತ್ತಿದ್ದರು. ಮಲಕಾಜಪ್ಪನ ಮಗ ಕೈಯನ್ನು ನಂಬಿದ. ಕೈಯೊಳಗೆ ಬಂದದ್ದು ಸುಳ್ಳಾಗಲು ಸಾಧ್ಯವಿಲ್ಲ, ಆದ್ದರಿಂದ ಸರ್ ತಪ್ಪು ಫೋಟೋ ಇಟ್ಟಿದ್ದಾರೆ. ಅದನ್ನು ಅವರಿಗೆ ವಿನಯದಿಂದ ತಿಳಿಸಿಯೂ ಬಿಟ್ಟ.

"ಸರ್, ದಿಸ್ ಈಸ್ ನಾಟ್ ಮೈ ಫೋಟೋ."

ಸರ್ ಕನ್ನಡಕದ ಮೇಲಿಂದ ನೋಡಿದರು. ಇದು ನಿನ್ನದೂ ಅಲ್ಲ ನನ್ನದೂ ಅಲ್ಲ, ಸಮುದ್ರದ್ದು, ಶುರು ಮಾಡು ಎಂದು ಇಂಗ್ಲಿಷಿನಲ್ಲೇ ಹೇಳಿ ಗಡಿಯಾರ ಒತ್ತಿದರು. ಧರ್ಮರಾಜ ಬಾಯಿ ತೆರೆದ. ಸಮುದ್ರಕ್ಕೆ ಬೇಕಾದ ಒಂದು ಶಬ್ದವೂ ಅಲ್ಲಿ ಇರಲಿಲ್ಲ. ತುದಿನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದ ಕೂಲಿಗಳು ಪೆಟ್ಟಿಗೆ ಹೊತ್ತು ತಾವಾಗಿಯೇ ಹೊರಗೆ ಬಂದರು.

"ದೇರ್ ಆರ್ ಮೆನಿ ಪೀಪಲ್. ದೆ ಆರ್ ಸಿಟಿಂಗ್ ಆನ್ ದೇರ್ ಲಗೇಜ್. ದೆ ಆರ್ ವೇಟಿಂಗ್ ಫಾರ್ ದ ಟ್ರೇನ್."

ಸರ್ ಫೋಟೋವನ್ನು ತಮ್ಮ ಕಡೆ ತಿರುಗಿಸಿಕೊಂಡು ಜನ ಎಲ್ಲಿದ್ದಾರೆಂದು ಹುಡುಕಿದರು. ನಾಯಿ ಇತ್ತು. ಟ್ರೇನ್ ಎಲ್ಲಿದೆ ಎಂದು ಕೇಳಿದರು.

"ಟ್ರೇನ್ ಈಸ್ ಲೇಟ್, ಸರ್."

ಹೊರಗೆ ಬಂದು ಅವನು ಅಜಿತನ ಹೆಗಲ ಮೇಲೆ ಕೈ ಹಾಕಿ, ತನಗೊಬ್ಬನಿಗೇ ಫೋಟೋ ಬದಲಿಸಿದರು ಎಂದು ಹೇಳಿದ. ಅಜಿತ ಛೆ ಛೆ ಎಂದ. ಚಹಾ ಕುಡಿಸಿದ. ಬಸಲಿಂಗಯ್ಯ ಸರ್ ಮೊದಲಿನಿಂದಲೂ ಹಾಗೆ, ಯಾರನ್ನೂ ಉದ್ಧಾರ ಆಗಗೊಡುವುದಿಲ್ಲ ಎಂದೂ ಅಂದ. ಆ ಚಹಾಕ್ಕೆ ಧರ್ಮರಾಜ ಥ್ಯಾಂಕ್ಸ್ ಹೇಳಿದ್ದ, ಅದೂ ಇಂಗ್ಲಿಷಿನಲ್ಲೇ. ಮುಂದೆ ಎಷ್ಟೋ ದಿನ ಅವನನ್ನು ಚುಚ್ಚಿದ್ದು ನಾಲ್ಕು ಬೆರಳಿಗಿಂತ ಹೆಚ್ಚಾಗಿ ಆ ಥ್ಯಾಂಕ್ಸು.

ಸೋಮವಾರ ಹೆಸರು ಬಂತು. ಕುರ್ಚಿ ಅಜಿತನಿಗೆ. ಸ್ವಲ್ಪದರಲ್ಲಿ ಕುರ್ಚಿ ಕಳೆದುಕೊಂಡ ನಸ್ರೀನ ತೂಕದ ಮಷೀನಿನ ಹತ್ತಿರ ಧರ್ಮರಾಜನನ್ನು ನಿಲ್ಲಿಸಿ, ನಾಯಿಯ ಬಗ್ಗೆ ನೀವೇನು ಹೇಳಿದ್ರಿ ಎಂದು ಕೇಳಿದಳು. ತಾನು ನಾಯಿಯ ಮೇಲೆಯೇ ಇಪ್ಪತ್ತು ಸೆಕೆಂಡು ಎಳೆದೆನೆಂದಳು.

ಅವಳಿಗೂ ಸಮುದ್ರವೇ ಬಂದಿತ್ತೇ ಎಂದು ಅವನು ಕೇಳಿದ.

"ಮೂರೂ ಮಂದಿಗೆ ಅದೇ ರೀ. ಅಜಿತ್ ಅವ್ರು ದೋಣಿ ಬಗ್ಗೆ ಚಲೋ ಮಾತಾಡ್ಯಾರಂತ ಮೇಡಮ್ಮ ಹೇಳಿದ್ರು."

ಆ ದಿನ ಅವನು ಎಷ್ಟೋ ಟ್ರೇಗೆ ತಪ್ಪು ಚೀಟಿ ಅಂಟಿಸಿದ, ಹೆಣ್ಣಾಳುಗಳೇ ಕಿತ್ತು ಸರಿಮಾಡಿದರು. ಯಾರಿಗಾದರೂ ದೂರು ಹೇಳೋಣವೆಂದರೆ ಹೇಳುವುದೇನು? ನಾವಿಬ್ಬರೂ ಕೂಡಿ ಕಳವು ಮಾಡಲು ಹೋಗಿದ್ದೆವು, ಅವನು ನನ್ನ ಜೊತೆ ಪ್ರಾಮಾಣಿಕ ಕಳ್ಳನಂತೆ ನಡೆದುಕೊಳ್ಳಲಿಲ್ಲ ಎಂದೇ?

ಮನೆಗೆ ಬಂದು ಅಪ್ಪನಿಗೆ ಹೇಳಿದ. ಟವೆಲ್ಲಿನ ಧರ್ಮ ಕೆಟ್ಟಿತೆಂದು ಅಪ್ಪ ಎದ್ದು ಹೋಗಿ ಅಜಿತನ ಕೊರಳಪಟ್ಟಿ ಹಿಡಿಯುತ್ತಾನೆಂದು ಅವನ ಎಣಿಕೆ. ಮಲಕಾಜಪ್ಪ ಎಲ್ಲ ಕೇಳಿ, ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ, ನಂಬರ್ ಬ್ಯಾರೆ ಅಂತ ನಿನಗ ಫೋಟೋ ನೋಡಿದ ಮ್ಯಾಲೂ ತಿಳೀಲಿಲ್ಲೇನು ಎಂದ.

"ಟವೆಲ್ ಕೆಳಗ ಸುಳ್ಳಿಲ್ಲ ಅಂತ ನೀನ ಹೇಳಿದ್ದೆಪ್ಪಾ."

"ಸಾಲಿಗೆ ಹೋಗೋ ಹುಡುಗರಿಗೆ ಮತ್ತೇನ ಹೇಳ್ಬೇಕು?" ಎಂದು ಮಲಕಾಜಪ್ಪ ಒಂದು ಹೋಳು ಬಾಯಿಗೆ ಹಾಕಿಕೊಂಡ. "ಅಲ್ಲಿ ಸುಳ್ಳ ನಡೀದಿದ್ರ ದಲ್ಲಾಳಿ ಯಾಕ ಬೇಕಾಗ್ತಿದ್ದ? ಮೂವತ್ತು ವರ್ಷ ನಾ ಏನ ತಿಂದೀನಿ ಅಂತ ತಿಳಿದಿದ್ದಿ?"

ರಾಚವ್ವ ಒಲೆಯ ಮುಂದಿನಿಂದ ಗಂಡನನ್ನೊಮ್ಮೆ ನೋಡಿದಳು. ಆ ದಿನ ಒಂದೇ ತಾಟು ಇಟ್ಟಳು. ಧರ್ಮರಾಜ ಉಂಡ. ಗೆಳೆಯ ಒಂದು ಸಲ ಮೋಸ ಮಾಡಿದ್ದ. ಅಪ್ಪ ಹದಿನೈದು ವರ್ಷದ ಹಿಂದೆಯೇ ಮಾಡಿ ಮುಗಿಸಿ, ಇವನಿಗೆ ತಿಳಿಸಲು ಮರೆತಿದ್ದ. ನೀತಿವಂತನಾಗಿ ಬೆಳೆದೆನೆಂದು ಇಷ್ಟು ದಿನ ಒಳಗೊಳಗೇ ಬೀಗುತ್ತಿದ್ದುದನ್ನು ನೆನೆದು ಅವನಿಗೆ ನಾಚಿಕೆಯಾಯಿತು. ಸಂತೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಬಿ.ಎ. ಆದವನಿಗೆ ಗೊತ್ತಿರಲಿಲ್ಲ.

ಎರಡು ವಾರ ಅಜಿತ ಶೆಡ್ಡಿನ ಕಡೆ ಇಳಿಯಲಿಲ್ಲ. ಗಾಜಿನಾಚೆ ಅವನು ಫೋನಿಗೆ ಕಿವಿ ಹಚ್ಚಿ ತಲೆ ಆಡಿಸುವುದು ಮಾತ್ರ ಕಾಣುತ್ತಿತ್ತು. ಮೂರನೆಯ ವಾರ ಒಂದು ಮಧ್ಯಾಹ್ನ ಮೊಬೈಲು ಹಿಡಿದು ಟೇಬಲ್ಲಿನ ಹತ್ತಿರ ಬಂದ. ಗಿರಾಕಿ ಫೋಟೋ ಕಳಿಸಿದ್ದಾನೆ, ದ್ರಾಕ್ಷಿಯ ಮೈಮೇಲೆ ಬೆಳ್ಳಗೆ ಏನೋ ಇದೆ, ಬೂಷ್ಟು ಅನ್ನುತ್ತಿದ್ದಾನೆ, ಸಂಜೆಯೊಳಗೆ ಉತ್ತರ ಹೋಗದಿದ್ದರೆ ಇಡೀ ಮಾಲು ವಾಪಸ್ ಬರುತ್ತದೆ ಎಂದ. ಹೆಣ್ಣಾಳುಗಳ ಕೈಗಳು ನಿಂತವು. ಮಾಲು ವಾಪಸ್ ಬಂದರೆ ಮೊದಲು ನಿಲ್ಲುವುದು ತಮ್ಮ ಕೆಲಸ ಎಂದು ಅವರಿಗೆ ಗೊತ್ತಿತ್ತು.

ಧರ್ಮರಾಜ ಹೊಗೆಗೆಂದು ಕಟ್ಟಿದ್ದ ಮಾಸ್ಕು ಇಳಿಸಿದ. ಫೋಟೋ ನೋಡಲಿಲ್ಲ, ಅಜಿತನನ್ನು ನೋಡಿದ.

"ನಾಕ ಯಾಕ ಒತ್ತಿದಿ?"

ಅಜಿತ ಹೆಣ್ಣಾಳುಗಳ ಕಡೆ ನೋಡಿ, ಆಮೇಲೆ ಮಾತಾಡೋಣ ಎಂದ. ಧರ್ಮರಾಜ ಮೊಬೈಲಿಗೆ ಕೈ ಚಾಚಲಿಲ್ಲ. ಅಜಿತ ದನಿ ಇಳಿಸಿದ.

"ನನ್ನ ಇಂಗ್ಲಿಷ್ ನೀ ಕಲಿಸಿದ್ದಲೇ. ನಿನಗ ಬರೋದ್ರಾಗ ಅರ್ಧನೂ ನನಗ ಬರಂಗಿಲ್ಲ. ನೆಟ್ಟಗ ನಿಂತ್ರ ನಾ ನಿನ್ನ ಮುಂದ ಗೆಲ್ಲಾಂವೇನು? ನೀ ಆದ್ರ ಹೆಂಗಾದ್ರೂ ಬದುಕ್ತಿ. ನಂಗ ಅದೊಂದ ದಾರಿ ಇತ್ತು."

"ನನ್ನ ಎದಿ ವಿಷಯ ನಿನಗ ಗೊತ್ತಿತ್ತು."

ದವಾಖಾನೆಗೆ ಬೈಕಿನ ಮೇಲೆ ಕರೆದುಕೊಂಡು ಹೋದವನು ಅಜಿತನೇ.

ಧರ್ಮರಾಜ ಮೊಬೈಲು ಇಸಿದುಕೊಂಡು ಫೋಟೋ ದೊಡ್ಡದು ಮಾಡಿ ನೋಡಿದ. ಬೇಕಿದ್ದರೆ ಅದು ಬೂಷ್ಟೇ ಎಂದು ಹೇಳಬಹುದಿತ್ತು. ಸಂಜೆಯೊಳಗೆ ಕುರ್ಚಿ ಖಾಲಿಯಾಗುತ್ತಿತ್ತು, ಅದರ ಜೊತೆ ಹೆಣ್ಣಾಳುಗಳ ಟೇಬಲ್ಲೂ. ಎದುರಿಗೆ ನಲವತ್ತು ಮಂದಿ ಕೈ ಕಟ್ಟಿ ಕೂತಿದ್ದರು.

"ಇದು ಬೂಷ್ಟಲ್ಲ," ಎಂದ. "ಒಳಗಿನ ಸಕ್ಕರಿ ಹೊರಗ ಬಂದೈತಿ. ಥಂಡಿ ಬಿದ್ರ ಹಿಂಗ ಆಕ್ಕೈತಿ. ನಾಕ ಕಾಳ ತಗೊಂಡು ಬಿಸಿನೀರಾಗ ಹಾಕಂತ ಹೇಳು. ಕರಗಿದ್ರ ಸಕ್ಕರಿ. ಬೂಷ್ಟಾದ್ರ ಕರಗಂಗಿಲ್ಲ."

ಅಜಿತ ಉಸಿರು ಬಿಟ್ಟ. ಆಮೇಲೆ ಮೊಬೈಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಹಾಗೆಯೇ ನಿಂತ.

"ಇದನ್ನ ಇಂಗ್ಲಿಷ್‌ನ್ಯಾಗ ಹೆಂಗ ಹೇಳೂದಲೇ?"

ಧರ್ಮರಾಜನಿಗೆ ಇಡೀ ವಾಕ್ಯ ಗೊತ್ತಿತ್ತು. ಎದುರಿಗಿದ್ದದ್ದು, ಹಿಂದೆ ಇದ್ದದ್ದು, ತನಗೆ ಅನ್ನಿಸಿದ್ದು, ಎಲ್ಲವೂ ಒಂದರ ಹಿಂದೊಂದು ಬಂದು ಬಾಯಲ್ಲಿ ನಿಂತಿದ್ದವು. ಅವನು ಮಾಸ್ಕು ಏರಿಸಿಕೊಂಡ.

"ಅದು ಕುರ್ಚಿ ಕೆಲಸ," ಎಂದು ಹೇಳಿ ಮುಂದಿನ ಟ್ರೇ ಎಳೆದುಕೊಂಡ. ಬಾಗಿಲ ಬಿಸಿಲಿನಲ್ಲಿ ಅಜಿತ ಒಂದು ಶಬ್ದ ಒತ್ತಿ ಅಳಿಸಿದ, ಮತ್ತೊಂದು ಒತ್ತಿದ, ಅದನ್ನೂ ಅಳಿಸಿದ.