ಕಾಡಿನಲ್ಲಿ ಕೂಗಿದ ಹೆಸರು

ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಸಂಕೋಚ. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪಿನ ಪದ್ಯದಲ್ಲಿ ಅವಳ ಹೆಸರು ಹೇಳಿಸಿದ್ದೇ ಕೊನೆ. ಆಮೇಲೆ ಕಮರಿಪೇಟೆಯ ನಮ್ಮ ಮನೆಯಲ್ಲಿ ಅವಳು ‘ಏ’, ಬಹಳವೆಂದರೆ ‘ಕೇಳ್ತೇನು’. ವ್ಯಾಕರಣ ಕಲಿಸುವ ಮಾಸ್ತರ ನಾನು. ಸಂಸಾರವನ್ನು ಮಾತ್ರ ನಾಮಪದವಿಲ್ಲದೆ ಬರಿಯ ಸಂಬೋಧನೆಯಿಂದಲೇ ಸಾಗಿಸಿದ್ದೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಒಂದು ದಸರಾ ರಜೆಯಲ್ಲಿ ಇಬ್ಬರೂ ರೈಲು ಹತ್ತಿ ಅಳ್ನಾವರದಾಚೆಯ ದಟ್ಟ ಕಾಡಿಗೆ ಹೋದೆವು. ಬ್ರಿಟಿಷರ ಕಾಲದಲ್ಲಿ ಮರ ಕಡಿಯುವವರು ಇದ್ದ ಬಿಡಾರವೊಂದನ್ನು ಅಲ್ಲಿ ಹಾಗೆಯೇ ಉಳಿಸಿ, ನೋಡುವವರಿಗೆ ತೆರೆದಿಟ್ಟಿದ್ದರು. ಇಬ್ಬರು ಹಿಡಿದೆಳೆಯುವ ಗರಗಸಗಳು, ಆನೆಯ ಸರಪಳಿ, ಗೂಟಕ್ಕೆ ತೂಗುಹಾಕಿದ ಕಂಬಳಿಗಳು. ಆ ಕಂಬಳಿಗಳು ಇನ್ನೂ ಹೆಗಲಿನ ಆಕಾರ ಬಿಟ್ಟಿರಲಿಲ್ಲ. ಸುತ್ತಲೂ ಕೊಡಲಿ ಮುಟ್ಟದೆ ಉಳಿದ ಹಳೆಯ ಮರಗಳು ಮಧ್ಯಾಹ್ನಕ್ಕೇ ಕತ್ತಲು ಮಾಡಿದ್ದವು. ಒಂದು ಹಕ್ಕಿಯ ದನಿಯೂ ಇರಲಿಲ್ಲ.

ಕಾವಲಿನ ಮುದುಕ ನನ್ನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಹೇಳಿದ: “ಗಿಡಾ ಬಿದ್ದ ಮ್ಯಾಲೆ ಕೂಲಿಗಳ ಮುಕಾದಮ ಒಬ್ಬೊಬ್ಬರ ಹೆಸರು ಹಿಡದು ಕೂಗತಿದ್ದರಿ. ಓ ಅನ್ನದಾಂವ ಗಿಡದ ಕೆಳಗ ಅದಾನಂತ ತಿಳಕೋಬೇಕು.”

“ಹೆಸರು ಗೊತ್ತಿಲ್ಲದ ಕೂಲಿ ಮಂದೀನ ಹ್ಯಾಂಗ ಕೂಗತಿದ್ದರು?” ಎಂದೆ. ಮುದುಕ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡ.

ತಿರುಗಿ ನೋಡಿದರೆ ಹೆಂಡತಿ ಇಲ್ಲ. ಇಷ್ಟು ಹೊತ್ತು ಬೆನ್ನ ಹಿಂದೆಯೇ ಇದ್ದವಳು. ಸುತ್ತ ಕಣ್ಣಾಡಿಸಿದೆ. ರೂಢಿಯಂತೆ “ಏ!” ಎಂದು ಕೂಗಿದೆ.

“ಓ” ಎಂದು ಬಿಡಾರದೊಳಗಿನಿಂದ ಬಂತು.

ಸಮಾಧಾನದಿಂದ ಒಳಗೆ ಹೋದೆ. ಕಂಬಳಿಗಳಷ್ಟೇ ಇದ್ದವು. ಗಾಳಿ ಇರಲಿಲ್ಲ, ಆದರೂ ಕೊನೆಯದೊಂದು ಅಲುಗುತ್ತಿತ್ತು. ಹೊರಗೆ ಓಡಿ ಬಂದೆ. ಮುದುಕನ ಮುಖವೂ ಬಿಳಿಚಿತ್ತು.

“ಹೆಸರು ಹಿಡದು ಕೂಗ್ರಿ ಮಾಸ್ತರ, ಲಗೂ!”

ಬಾಯಿ ತೆರೆದೆ. ಅಷ್ಟು ವರ್ಷ ಬಳಸದ ಹೆಸರು ಗಂಟಲಲ್ಲೇ ನಿಂತಿತು. ಇವಳು ಇನ್ನು ಸಿಗಲಾರಳೆಂಬ ಭಯ ಸಂಕೋಚವನ್ನು ಪಕ್ಕಕ್ಕೆ ತಳ್ಳಿದ ಮೇಲೆಯೇ ಅದು ಹೊರಬಿದ್ದದ್ದು.

“ನೀಲವ್ವಾ!”

“ಬಂದ್ನಿರಿ!” ಎಂದು ಬಿಡಾರಕ್ಕೆ ತೀರಾ ಎದುರು ದಿಕ್ಕಿನ ಮರಗಳ ನಡುವಿನಿಂದ, ಉಡಿಯ ತುಂಬ ಮುತ್ತಲ ಎಲೆ ಕಟ್ಟಿಕೊಂಡು ಬಂದಳು. ನನಗೆ ಅಳು ಬಂದಿತ್ತು. ಎಲೆಗಳನ್ನು ಹೊಗಳಿ ಮುಚ್ಚಿಕೊಂಡೆ.

ರೈಲಿನಲ್ಲಿ ಕೇಳಿದೆ: “ಮೊದಲ ಕೂಗಿದಾಗ ಕೇಳಿಸ್ಲಿಲ್ಲೇನು?”

“ಕೇಳಿಸ್ತರಿ. ಬೇಕಂತನ ಸುಮ್ಮನಿದ್ನಿ. ಇವತ್ತರೆ ಹೆಸರು ಹಿಡದು ಕರೀತೀರೇನು ನೋಡೂಣಂತ.”

“ಹಂಗಾದ್ರ ಓ ಅಂದಾವ ಯಾರು?”

ನೀಲವ್ವ ಕಿಟಕಿಯಾಚೆ ಹಿಂದೆ ಸರಿಯುವ ಕಾಡನ್ನೇ ನೋಡುತ್ತಿದ್ದಳು. “ಪಾಪ, ಅವಗೂ ಮಂದಿ ಏ ಅಂತನ ಕರೀತಿದ್ದರು ಕಾಣಸ್ತದ” ಎಂದಳು.

ಅಂದಿನಿಂದ ಮನೆಯಲ್ಲಿ ನೀಲವ್ವ ಎಂದೇ ಕರೆಯುತ್ತೇನೆ. ಓಣಿಯವರು ನಗುತ್ತಾರೆ, ನಗಲಿ. ‘ಏ’ ಎಂದರೆ ಅಡುಗೆಮನೆಯಿಂದ ಯಾರು ಓಗೊಟ್ಟಾರೋ, ಹೇಳಲಿಕ್ಕಾಗದು.