ಆಟದ ಟೀಚರಿಗೆ ಕೇಳಿದ ಪ್ರಶ್ನೆ

ಯಲ್ಲಾಪುರದ ನಮ್ಮ ಶಾಲೆಯ ಆಟದ ಟೀಚರು ಇಡಗುಂದಿಯವರು, ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದು ಇಲ್ಲಿಯವರೇ ಆದ ಸಿದ್ದಿ ಮನೆತನದವರು. ಸೋತು ಬಂದವರಿಗೆ "ತಲೆ ಎತ್ತು" ಅನ್ನುತ್ತ ಎರಡೇ ಬೆರಳಿನಿಂದ ಗದ್ದ ಎತ್ತುತ್ತಿದ್ದರು.

ಕಬಡ್ಡಿ ಪಂದ್ಯಕ್ಕೆಂದು ನಮ್ಮ ತಂಡವನ್ನು ಅವರು ಶಿರಸಿಗೆ ಕರೆದೊಯ್ದಾಗ, ಲಾಡ್ಜಿಗೆ ಹೊಸದಾಗಿ ಬಂದಿದ್ದ ಮ್ಯಾನೇಜರು ಅವರ ಗುಂಗುರು ಕೂದಲು ನೋಡಿ, "ವಿದೇಶದವರು ಪಾಸ್‌ಪೋರ್ಟ್ ತೋರಿಸಬೇಕು" ಅಂದ. ಟೀಚರು ಆಧಾರ್ ಕಾರ್ಡ್ ಕೊಟ್ಟರು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ, "ನಿಜ ಹೇಳಿ, ಮೂಲ ಯಾವ ದೇಶ?" ಅಂದ.

"ನಮ್ಮಜ್ಜಿಯ ಅಜ್ಜಿ ಹುಟ್ಟಿದ್ದೂ ಮಣ್ಣಾಗಿದ್ದೂ ಇಡಗುಂದೀಲೇ. ನಿಮ್ಮಜ್ಜಿಯ ಅಜ್ಜಿ ಎಲ್ಲಿಯವರು?"

ಅವನು ಕೋಣೆಯ ಕೀಲಿಕೈ ಚಾಚಿದ. ಟೀಚರು ತೆಗೆದುಕೊಳ್ಳಲಿಲ್ಲ.

"ನನ್ನ ಕೇಳಿದ್ದನ್ನ ಈ ಮಕ್ಕಳನ್ನೂ ಕೇಳಿ, ಒಬ್ಬೊಬ್ಬರನ್ನೇ."

ಅವನು ಮೆಲ್ಲನೆ ಕೇಳುತ್ತ ಬಂದ. ನನ್ನ ಸರದಿಗೆ "ಭಾರತ" ಅಂದೆ. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ.